ಯಾರೂ ಕರೆಯದ ಫೈಲು

ನನ್ನ ಓರಗಿತ್ತಿ ಒಳ್ಳೆಯವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳಲು ಮನಸ್ಸು ಬರುತ್ತದೋ ಇಲ್ಲವೋ ಗೊತ್ತಿಲ್ಲ. ಮೈದುನನನ್ನು ಮದುವೆಯಾಗಿ ಭದ್ರಾವತಿಯ ನ್ಯೂ ಟೌನಿನ ನಮ್ಮ ಮನೆಗೆ ಬಂದ ಮೊದಲ ವಾರವೇ ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದಳು, ಮಾವನ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಟ್ಟಳು, ನನ್ನನ್ನು ಅಕ್ಕ ಎಂದು ಕರೆದಳು. ಹದಿನೆಂಟು ವರ್ಷದಿಂದ ಅದೇ ಮನೆಯಲ್ಲಿರುವ ನನಗೆ ಆ ಫೋನಿನ ಅಕ್ಷರ ದೊಡ್ಡದು ಮಾಡಬೇಕು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಅದೂ ಕಂಪ್ಯೂಟರ್ ಮುಂದೆಯೇ ಕೂದಲು ನರೆಸಿಕೊಂಡ ನನಗೆ. ಹೊಟ್ಟೆ ಉರಿಯಲು ಶುರುವಾದದ್ದು ಅವತ್ತಿನಿಂದ.

ನಾನು ಓದಿದ್ದು ಬಿ.ಕಾಂ. ಮದುವೆಗೆ ಮುಂಚೆಯೇ ಶಿವಮೊಗ್ಗದ ಕೋಟೆ ರಸ್ತೆಯ ಒಂದು ಡಿಟಿಪಿ ಅಂಗಡಿಗೆ ಸೇರಿದವಳು, ಇನ್ನೂ ಅಲ್ಲೇ ಇದ್ದೇನೆ. ಲಗ್ನಪತ್ರಿಕೆ, ಕ್ರಯಪತ್ರ, ವಕೀಲರ ನೋಟಿಸು, ವೈಕುಂಠ ಸಮಾರಾಧನೆಯ ಕಾರ್ಡು, ಎಲ್ಲವೂ ನನ್ನ ಬೆರಳಿನಿಂದಲೇ ಹೋದದ್ದು. ಆಗ ಟೈಪ್ ಮಾಡುತ್ತಿದ್ದದ್ದು ಹಳೆಯ ಫಾಂಟಿನಲ್ಲಿ. ಆ ಫಾಂಟಿನ ಗುಟ್ಟು ಏನೆಂದರೆ, ತಾನು ಇಟ್ಟುಕೊಂಡಿರುವುದು ಕನ್ನಡ ಎಂಬುದೇ ಕಂಪ್ಯೂಟರಿಗೆ ಗೊತ್ತಿರುವುದಿಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರಗಳು, ಚಿತ್ರವಿಚಿತ್ರ ಚಿಹ್ನೆಗಳು. ಫಾಂಟು ಅವುಗಳಿಗೆ ಕನ್ನಡದ ವೇಷ ಹಾಕುತ್ತದೆ. ಆ ಫಾಂಟು ಇಲ್ಲದ ಕಡೆ ತೆರೆದರೆ ಬರೀ ಕಸ. ಈಗಿನ ವೆಬ್‌ಸೈಟುಗಳೆಲ್ಲ ಯೂನಿಕೋಡ್ ಕೇಳುತ್ತವೆ, ಅಂದರೆ ಕಂಪ್ಯೂಟರಿಗೂ ಕನ್ನಡ ಎಂದು ತಿಳಿಯುವ ಕನ್ನಡ. ನಮ್ಮ ಗಿರಾಕಿಗಳ ಇಪ್ಪತ್ತು ವರ್ಷದ ಫೈಲುಗಳೆಲ್ಲ ಹಳೆಯದರಲ್ಲೇ ಕೂತಿದ್ದವು.

ಹಾಗಾಗಿ ನಾನೊಂದು ಬ್ರೌಸರ್ ಎಕ್ಸ್‌ಟೆನ್ಷನ್ ಮಾಡಿದೆ. ಬ್ರೌಸರಿನ ಮೇಲ್ತುದಿಯಲ್ಲಿ ಒಂದು ಸಣ್ಣ ಗುಂಡಿ. ಯಾವ ವೆಬ್‌ಸೈಟಿನ ಯಾವ ಖಾನೆಗಾದರೂ ಹಳೆಯ ಬರಹ ಅಂಟಿಸಿ ಗುಂಡಿ ಒತ್ತಿದರೆ ಅಲ್ಲೇ ನಿಜವಾದ ಕನ್ನಡವಾಗುತ್ತದೆ. ಮಧ್ಯಾಹ್ನ ಬುತ್ತಿ ತಿನ್ನುತ್ತಾ ವಿಡಿಯೋ ನೋಡಿ ಜಾವಾಸ್ಕ್ರಿಪ್ಟ್ ಕಲಿತೆ. ಯಾರೂ ಹೇಳಿಕೊಡಲಿಲ್ಲ. ಇದನ್ನು ಈಗ ಒತ್ತಿ ಹೇಳುತ್ತಿದ್ದೇನೆ ಎಂದು ನಿಮಗೆ ಅನಿಸಿದರೆ ಸರಿಯಾಗಿಯೇ ಅನಿಸಿದೆ.

ಅದರಲ್ಲಿ ನನ್ನ ಹೆಮ್ಮೆ ಎಂದರೆ ಅರ್ಕಾವೊತ್ತು. ವರ್ಷ ಎಂದು ಬರೆಯುವಾಗ ಷ ಅಕ್ಷರದ ಬಲಗಡೆ ಕೊಕ್ಕೆಯ ಹಾಗೆ ನಿಲ್ಲುತ್ತದಲ್ಲ, ಅದು. ಬರೆಯುವುದು ಕೊನೆಗೆ, ಓದುವುದು ಮೊದಲಿಗೆ. ಹಳೆಯ ಫಾಂಟು ಅದನ್ನು ಬರೆದ ಜಾಗದಲ್ಲೇ ಇಟ್ಟುಕೊಳ್ಳುತ್ತದೆ, ಯೂನಿಕೋಡ್ ಓದುವ ಜಾಗದಲ್ಲಿ ಕೇಳುತ್ತದೆ. ಅಂದರೆ ಆ ಕೊಕ್ಕೆಯನ್ನು ಎತ್ತಿ, ಹಿಂದಿನ ಅಕ್ಷರವನ್ನು ಅದರ ಒತ್ತು, ಕೊಂಬು, ದೀರ್ಘದ ಸಮೇತ ದಾಟಿಸಿ, ಆಚೆ ಇಳಿಸಬೇಕು. ಆರ್ದ್ರೆ ಮಳೆಯ ಆರ್ದ್ರೆ ಸರಿಯಾಗಲು ನನಗೆ ಎರಡು ದಿನ ಹಿಡಿಯಿತು. ಆದ ಮೇಲೆ ಆ ನಿಯಮವನ್ನು ಬೇರೆಯೇ ಒಂದು ಫೈಲಿನಲ್ಲಿ ಇಟ್ಟೆ. ಹೊಳೆಹೊನ್ನೂರಿನ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು ಬೇಸಾಯದ ಪದಗಳದೊಂದು ನಿಘಂಟು ಬರೆಯುತ್ತಿದ್ದರು. ಹನ್ನೊಂದು ವರ್ಷ ಅವರ ಕೈಬರಹವನ್ನು ಟೈಪ್ ಮಾಡಿದವಳು ನಾನೇ. ಮಳೆಯ ಹೆಸರುಗಳು ಅದರಲ್ಲಿ ತುಂಬಿದ್ದವು. ಅರ್ಕಾವೊತ್ತಿಗಾಗಿ ನಾನು ಅಷ್ಟು ಗುದ್ದಾಡಿದ್ದು ಅವರ ಸಲುವಾಗಿ.

ಉಳಿದ ಕೋಡ್ ಹೇಗಿತ್ತು ಎಂದು ಕೇಳಬೇಡಿ. ಹದಿನಾಲ್ಕು ಫೈಲು, ಒಂದರ ನಂತರ ಒಂದು ಅದೇ ಕ್ರಮದಲ್ಲಿ ಲೋಡ್ ಆಗಬೇಕು, ಹಿಂದುಮುಂದಾದರೆ ಎಲ್ಲವೂ ನಿಂತುಹೋಗುತ್ತಿತ್ತು. ಕ್ರಮ ಮರೆಯದಿರಲೆಂದು ಚೀಟಿ ಬರೆದು ಮಾನಿಟರಿಗೆ ಅಂಟಿಸಿದ್ದೆ. ಲೈಬ್ರರಿಗಳನ್ನು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನು, ಎಲ್ಲೆಲ್ಲಿಂದಲೋ ಇಳಿಸಿ ಫೋಲ್ಡರಿಗೆ ತುಂಬಿದ್ದೆ. ಒಂದೇ ಲೈಬ್ರರಿ ಎರಡು ಕಡೆ, ಎರಡು ಆವೃತ್ತಿ. ಒಂದನ್ನಂತೂ ಇಳಿಸಿಯೂ ಇರಲಿಲ್ಲ, ಇಂಟರ್ನೆಟ್ಟಿನ ವಿಳಾಸ ಕೊಟ್ಟು ಅಲ್ಲಿಂದಲೇ ತರಿಸಿಕೊಳ್ಳುತ್ತಿದ್ದೆ. ನಡೆಯುತ್ತಿತ್ತು. ನಡೆಯುವ ಗಾಡಿಯ ಬಾನೆಟ್ ಯಾರು ಎತ್ತುತ್ತಾರೆ?

ಎತ್ತಿದ್ದು ಎಕ್ಸ್‌ಟೆನ್ಷನ್ ಸ್ಟೋರಿನವರು, ಅಂದರೆ ಇಂಥ ಗುಂಡಿಗಳನ್ನು ಪರಿಶೀಲಿಸಿ ಗಿರಾಕಿಗಳ ಬ್ರೌಸರಿಗೆ ತಲುಪಿಸುವವರು. ಹೊರಗಿನಿಂದ ಕೋಡ್ ತರಿಸಿಕೊಳ್ಳುವ ಹಾಗಿಲ್ಲ, ಎಲ್ಲವೂ ಪೊಟ್ಟಣದೊಳಗೇ ಇರಬೇಕು ಎಂದು ನನ್ನ ಹೊಸ ಆವೃತ್ತಿಯನ್ನು ವಾಪಸ್ ಕಳಿಸಿದರು. ಎರಡು ವಾರ ಒದ್ದಾಡಿದೆ. ಒಂದನ್ನು ಸರಿ ಮಾಡಿದರೆ ಇನ್ನೆರಡು ಕೆಡುತ್ತಿದ್ದವು. ಕೊನೆಗೆ ಅಂಗಡಿಯ ಯಜಮಾನರು, ಕನ್ನಡಕವನ್ನು ಹಣೆಗೇರಿಸಿ, ತುಂಬ ಸಹಜವಾಗಿ ಹೇಳಿದರು:

"ನಿಮ್ಮ ಮನೇಲೇ ಇಂಜಿನಿಯರ್ ಇದ್ದಾಳಲ್ಲ ಮಾರಾಯ್ತಿ. ಆ ಹುಡುಗೀನ ಕರ್ಕೊಂಡ್ ಬಾ. ಹೆಂಗೂ ಕೆಲಸ ಹುಡುಕ್ತಿದ್ದಾಳೆ ಅಂದಿದ್ಯಲ್ಲ."

ಅಂದಿದ್ದು ನಿಜ. ಯಾವ ಗಳಿಗೆಯಲ್ಲಿ ಅಂದೆನೋ.

ಓರಗಿತ್ತಿ ಬಂದಳು. ಬೆಳಿಗ್ಗೆ ಬಸ್ಸಿನಲ್ಲಿ ಓಡಿ ಹತ್ತಿ ನನಗೂ ಸೀಟು ಹಿಡಿಯುತ್ತಿದ್ದಳು, ಕಿಟಕಿ ಕಡೆಯದು. ಕಿಟಕಿ ಸೀಟಿನಲ್ಲಿ ಕೂತು ಮುಖ ಊದಿಸಿಕೊಂಡಿರುವುದು ಎಷ್ಟು ಕಷ್ಟ ಎಂದು ನನಗೆ ಆಗ ತಿಳಿಯಿತು. ಮೊದಲ ದಿನ ನನ್ನ ಫೋಲ್ಡರ್ ತೆರೆದು ಒಂದು ಗಂಟೆ ಓದಿದಳು. ನಕ್ಕಿದ್ದರೆ ಜಗಳವಾಡಬಹುದಿತ್ತು. ನಗಲಿಲ್ಲ. ಮಾನಿಟರಿನ ಚೀಟಿಯನ್ನು ನೋಡಿ, "ಅಕ್ಕ, ಇದನ್ನ ಕಂಪ್ಯೂಟರೇ ನೆನಪಿಟ್ಕೊಳ್ಳೋ ಹಾಗೆ ಮಾಡೋಣ್ವಾ?" ಎಂದಳು. ಮಾಡೋಣ್ವಾ ಅಂತೆ. ನಾನು ಬೇಡ ಎಂದರೆ ಬಿಡುವವಳ ಹಾಗೆ.

ಮೂರು ದಿನದಲ್ಲಿ ನನ್ನ ಹದಿನಾಲ್ಕು ಫೈಲೂ ಮಾಡ್ಯೂಲುಗಳಾದವು. ಯಾವ ಫೈಲಿಗೆ ಯಾವುದು ಬೇಕೋ ಅದನ್ನು ಆಯಾ ಫೈಲೇ ತನ್ನ ತಲೆಯ ಮೇಲೆ ಬರೆದುಕೊಂಡು ಕೇಳುತ್ತದೆ. ಬಂಡ್ಲರ್ ಎಂಬ ಸಾಧನ ಆ ಬೇಡಿಕೆಗಳ ಜಾಡು ಹಿಡಿದು ಹೋಗಿ, ಬೇಕಾದ್ದನ್ನೆಲ್ಲ ಸರಿಯಾದ ಕ್ರಮದಲ್ಲಿ ಒಂದೇ ಫೈಲಾಗಿ ಕಟ್ಟಿಕೊಡುತ್ತದೆ. ಲೈಬ್ರರಿಗಳಿಗೆ ಒಂದು ಪಟ್ಟಿ, ಪ್ರತಿಯೊಂದರ ಆವೃತ್ತಿಗೆ ಬೀಗ ಹಾಕಿದ ಇನ್ನೊಂದು ಪಟ್ಟಿ. ಒಂದು ಲೈಬ್ರರಿ ತರಿಸಿದರೆ ಅದು ಮದುವೆಗೆ ಕರೆದ ಬೀಗರ ಹಾಗೆ ತನ್ನ ನಂಟರನ್ನೆಲ್ಲ ಕರೆತರುತ್ತದೆ ಎಂದೂ, ತಾರೀಖು ತೋರಿಸಲಿಕ್ಕೆಂದು ನಾನು ತರಿಸಿದ್ದ ಒಂದರ ಹಿಂದೆ ಅಂಥ ಹನ್ನೆರಡು ನಂಟರಿದ್ದಾರೆಂದೂ ತೋರಿಸಿದಳು. ಅದನ್ನು ತೆಗೆದು ತಾನೇ ನಾಲ್ಕು ಸಾಲು ಬರೆದಳು. ತಾರೀಖು ಮೊದಲಿನ ಹಾಗೇ ಕಂಡಿತು. ನಾನು ಅಡ್ಡಿ ಹುಡುಕಿದೆ, ಸಿಗಲಿಲ್ಲ.

ಕೊನೆಯಲ್ಲಿ ಬಂತು ಆ ಮರ ಅಲ್ಲಾಡಿಸುವ ಕೆಲಸ. ಅದರ ಹೆಸರೇ ಹಾಗೆ, ಟ್ರೀ ಶೇಕಿಂಗ್. "ಯಾರೂ ಏನೂ ತಗೊಳ್ದೇ ಇರೋ ಕೋಡು ಬಂಡಲ್‌ನಲ್ಲಿ ಯಾಕಿರ್ಬೇಕು ಅಕ್ಕ? ಮರ ಅಲ್ಲಾಡ್ಸಿದ್ರೆ ಒಣಗಿದ ಎಲೆ ಉದುರುತ್ತಲ್ಲ, ಹಾಗೆ" ಎಂದಳು.

"ಹುಣಸೆ ಮರ ಅಲ್ಲಾಡ್ಸಿ ನೋಡು, ಕಾಯೂ ಉದುರುತ್ತೆ" ಎಂದೆ. ಅವಳು ನಕ್ಕಳು. ನಾನು ನಗಿಸಲು ಹೇಳಿರಲಿಲ್ಲ.

ನಾಲ್ಕು ಎಂಬಿ ಇದ್ದ ನನ್ನ ಎಕ್ಸ್‌ಟೆನ್ಷನ್ ಅರ್ಧ ಎಂಬಿಯೂ ಇಲ್ಲದ ಹಾಗೆ ಇಳಿಯಿತು. ಯಜಮಾನರು ಗಿರಾಕಿಗಳೆದುರು ಗುಂಡಿ ಒತ್ತಿ ಒತ್ತಿ ತೋರಿಸಿದರು. "ಕಣ್ಣು ಮಿಟುಕಿಸೋದ್ರೊಳಗೆ ನೋಡಿ. ಇದೆಲ್ಲ ಈ ಹುಡುಗಿ ಮಾಡಿದ್ದು." ಇದೆಲ್ಲ. ಎರಡು ವರ್ಷ ಬುತ್ತಿಯ ಮುಂದೆ ಕೂತು ಒಂದೊಂದು ಒತ್ತಕ್ಷರವನ್ನೂ ಬಿಡಿಸಿದ ನಾನು ಪಕ್ಕದ ಕುರ್ಚಿಯಲ್ಲೇ ಕೂತು ಯಾರದೋ ನಾಮಕರಣದ ಕಾರ್ಡಿಗೆ ಬಾರ್ಡರ್ ಹಾಕುತ್ತಿದ್ದೆ. ಅವಳು, "ಇಲ್ಲ ಸಾರ್, ನಾನು ಕಟ್ಟಿಕೊಟ್ಟಿದ್ದು ಅಷ್ಟೇ, ಒಳಗಿರೋದೆಲ್ಲ ಅಕ್ಕಂದು" ಎಂದಳು. ಯಜಮಾನರು ಅದನ್ನು ಅವಳ ವಿನಯವೆಂದು ಭಾವಿಸಿ ಇನ್ನೂ ಹೊಗಳಿದರು. ಮನೆಗೆ ಹೋದರೆ ಅತ್ತೆ, "ಚಿಕ್ಕವಳು ಹೋಗಿ ವಾರ ಆಗಿಲ್ಲ, ಅಂಗಡೀನೇ ನಡೆಸ್ತಾಳಂತೆ" ಎಂದು ಪಕ್ಕದ ಮನೆಯವರಿಗೆ ಹೇಳುತ್ತಿದ್ದರು. ನಾನು ಚಪ್ಪಲಿ ಬಿಡುತ್ತಾ ಕೇಳಿಸಿಕೊಂಡೆ.

ಸ್ಟೋರಿಗೆ ಕಳಿಸುವ ಹಿಂದಿನ ದಿನ ಅವಳಿಗೆ ಜ್ವರ, ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದಳು. ಮಧ್ಯಾಹ್ನ ನನ್ನ ಫೋನಿಗೆ ಮೆಸೇಜ್ ಬಂತು. "ಅಕ್ಕ, ಅರ್ಕಾವೊತ್ತಿನ ಫೈಲಿಂದ ಯಾರೂ ಏನೂ ತಗೊಳ್ತಿಲ್ಲ ಅಂತ ತೋರಿಸ್ತಿದೆ. ಬಂಡಲ್‌ನಿಂದ ಬಿಟ್ಟೋಗುತ್ತೆ. ಪರವಾಗಿಲ್ವಾ?"

ಆ ಕ್ಷಣಕ್ಕೆ ಎಲ್ಲವೂ ಗೊತ್ತಿತ್ತು ಎಂದರೆ ಅರ್ಧ ಸುಳ್ಳು, ಗೊತ್ತಿರಲಿಲ್ಲ ಎಂದರೆ ಪೂರ್ತಿ ಸುಳ್ಳು. ನನ್ನ ಆ ಫೈಲು ಯಾರಿಗೂ ಏನನ್ನೂ ಕೊಡುತ್ತಿರಲಿಲ್ಲ. ಲೋಡ್ ಆದ ಕೂಡಲೇ ತಾನೇ ಹೋಗಿ ಮುಖ್ಯ ಪಟ್ಟಿಗೆ ತನ್ನ ನಿಯಮ ಸೇರಿಸಿ ಸುಮ್ಮನಾಗುತ್ತಿತ್ತು. ಯಾರೂ ಕರೆಯುವುದು ಬೇಕಿರಲಿಲ್ಲ, ಇದ್ದರೆ ಸಾಕಿತ್ತು. ಅವಳು ಸೆಟ್ಟಿಂಗಿನಲ್ಲಿ ಬರೆದಿದ್ದ ಒಂದು ಸಾಲು ಬಂಡ್ಲರಿಗೆ ಹೇಳುತ್ತಿದ್ದುದು ಇಷ್ಟು: ಇಲ್ಲಿನ ಯಾವ ಫೈಲೂ ತಾನಾಗಿ ಏನೂ ಮಾಡುವುದಿಲ್ಲ, ಕೇಳಿದವರಿಗೆ ಕೇಳಿದ್ದನ್ನು ಕೊಡುತ್ತದೆ ಅಷ್ಟೆ, ಯಾರೂ ಕೇಳದಿದ್ದರೆ ಬಿಟ್ಟುಬಿಡು. ಹಾಗೆ ಬಿಟ್ಟರೆ ಅರ್ಕಾವೊತ್ತು ಹೋಗುತ್ತದೆ. ಹೋದದ್ದು ಕಾಣುವುದೂ ಇಲ್ಲ, ಯಾಕೆಂದರೆ ಗುರುತು ಸಿಗದ ಚಿಹ್ನೆಗಳನ್ನು ಕೊನೆಗೆ ಅಳಿಸಿಹಾಕು ಎಂದು ನಾನೇ ಬರೆದಿದ್ದೆ.

ನಾನು ಉತ್ತರ ಬರೆದೆ: "ನೋಡ್ಕೋ."

ನಮ್ಮ ಕಡೆ ಈ ಮಾತಿಗೆ ಅರ್ಥ ಬರುವುದು ದನಿಯಿಂದ. ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೋಗುವಾಗ ನೋಡ್ಕೋ ಎಂದರೆ ಜೋಪಾನ. ಗಂಡ ಹೆಂಡತಿ ಜಗಳದಲ್ಲಿ ನೋಡ್ಕೋ ಎಂದರೆ ಇನ್ನು ನಿನ್ನ ಹಣೆಬರಹ. ಮೆಸೇಜಿಗೆ ದನಿ ಇಲ್ಲ. ನನಗೆ ಅದು ಅನುಕೂಲವಾಯಿತು.

ಅವಳು ಪರೀಕ್ಷೆ ಮಾಡದೆ ಕಳಿಸುವವಳಲ್ಲ. ಯಾವ ವಾಕ್ಯದಲ್ಲಿ ಪರೀಕ್ಷಿಸಿದಳು ಎಂದು ಮಾರನೆಯ ದಿನ ನೋಡಿದೆ. "ನಮ್ಮ ಊರು ಭದ್ರಾವತಿ. ನಾನು ದಿನಾ ಶಿವಮೊಗ್ಗಕ್ಕೆ ಹೋಗುತ್ತೇನೆ." ಭದ್ರಾವತಿಯಲ್ಲಿ ರ ಇದೆ, ಒತ್ತೂ ಇದೆ, ಸಾಕೆಂದುಕೊಂಡಳು. ಅದು ದ ಕೆಳಗೆ ತೂಗುವ ರ ಒತ್ತು, ಪಕ್ಕಕ್ಕೆ ನಿಲ್ಲುವ ಅರ್ಕಾವೊತ್ತು ಅಲ್ಲ. ಕನ್ನಡವನ್ನು ಬೆರಳಲ್ಲಿ ದುಡಿಸಿದವರಿಗೆ ಮಾತ್ರ ಈ ಭೇದ ನಿದ್ದೆಯಲ್ಲೂ ಗೊತ್ತಿರುತ್ತದೆ. ಸ್ಟೋರಿನವರು ಒಪ್ಪಿಕೊಂಡು ಹೊಸ ಆವೃತ್ತಿ ಎಲ್ಲರ ಬ್ರೌಸರಿಗೂ ಹೋಯಿತು. ನಾನು ಒಬ್ಬಳೇ ಇದ್ದಾಗ ಹಳೆಯ ಫಾಂಟಿನಲ್ಲಿದ್ದ ಅರ್ಜಿ ಎಂಬ ಪದವನ್ನು ಅಂಟಿಸಿ ಗುಂಡಿ ಒತ್ತಿದೆ. ಅಜಿ ಎಂದು ಬಂತು. ವರ್ಷ ಹಾಕಿದೆ, ವಷ ಬಂತು. ಮೂರ್ತಿ ಹಾಕಿದೆ, ಮೂತಿ ಬಂತು. ಕಿಟಕಿ ಮುಚ್ಚಿದೆ.

ಆಗ ನನ್ನ ತಲೆಯಲ್ಲಿ ಇದ್ದದ್ದು ಇದು: ಇವತ್ತೋ ನಾಳೆಯೋ ಯಾರಾದರೂ ವಕೀಲರು ಫೋನ್ ಮಾಡಿ ಬೈಯುತ್ತಾರೆ, ಯಜಮಾನರ ಮುಖ ಬಾಡುತ್ತದೆ, ಅವಳು ತಡಬಡಾಯಿಸುತ್ತಾಳೆ, ನಾನು ಎದ್ದು ಹೋಗಿ ಎರಡು ನಿಮಿಷದಲ್ಲಿ ಸರಿ ಮಾಡುತ್ತೇನೆ. ಈ ದೃಶ್ಯವನ್ನು ಬಸ್ಸಿನಲ್ಲಿ ಎಷ್ಟು ಸಲ ಆಡಿಸಿ ನೋಡಿದೆನೋ. ಅವಳು ಹಿಡಿದುಕೊಟ್ಟ ಕಿಟಕಿ ಸೀಟಿನಲ್ಲೇ ಕೂತು. ಆದರೆ ನಾಲ್ಕು ದಿನ ಕಳೆದರೂ ಯಾರೂ ಫೋನ್ ಮಾಡಲಿಲ್ಲ. ಗುಂಡಿ ಒತ್ತಿ ಕಳಿಸಿದ್ದನ್ನು ಯಾರು ಓದುತ್ತಾರೆ? ಕಣ್ಣಿದ್ದವರು ಯಾರೂ ಓದಲಿಲ್ಲ. ಐದನೆಯ ದಿನ ಕಣ್ಣಿಲ್ಲದವರು ಬಂದರು.

ನಿಘಂಟಿನ ಮೇಷ್ಟ್ರಿಗೆ ಎರಡು ವರ್ಷದಿಂದ ದೃಷ್ಟಿ ಪೂರ್ತಿ ಹೋಗಿತ್ತು. ಹೊಳೆಹೊನ್ನೂರಿನಿಂದ ಒಬ್ಬರೇ ಬಸ್ಸಿಗೆ ಬಂದು, ಕೋಟೆ ರಸ್ತೆಯಲ್ಲಿ ಯಾರದೋ ತೋಳು ಹಿಡಿದು ಅಂಗಡಿಯ ಮೆಟ್ಟಿಲು ಹತ್ತಿದರು. ಕೂತು, ನೀರು ಕುಡಿದು, ನನ್ನ ದನಿ ಇದ್ದ ಕಡೆ ತಿರುಗಿದರು.

"ನನ್ನ ಕಿವಿ ಕೆಟ್ಟಿದೆಯೋ, ನಿನ್ನ ಯಂತ್ರ ಕೆಟ್ಟಿದೆಯೋ ಹೇಳಮ್ಮ. ಫೋನ್ ಓದಿ ಹೇಳುತ್ತಲ್ಲ, ಮೂರು ದಿನದಿಂದ ಅದು ಪುನವಸು ಮಳೆ ಅಂತಿದೆ. ಆದ್ರೆ ಮಳೆ ಅಂತಿದೆ. ಆದ್ರೆ ಅಂದ್ರೆ ಏನು ಆದ್ರೆ? ಕಣ್ಣು ಹೋದಂಗೆ ಇದೂ ಹೋಯ್ತು ಅಂತ ಭದ್ರಾವತೀಲಿ ಕಿವಿ ಡಾಕ್ಟರ ಹತ್ರ ಹೋಗಿದ್ದೆ. ನಿಮ್ಮ ಕಿವಿ ಹುಡುಗರ ಕಿವಿ ಹಂಗಿದೆ ಮೇಷ್ಟ್ರೇ ಅಂದ್ರು."

ನಡೆದದ್ದು ಇಷ್ಟು. ಒಂದು ವಿದ್ಯಾಸಂಸ್ಥೆಯವರು ಇಂಥ ನಿಘಂಟುಗಳನ್ನು ಆಯ್ದು ತಮ್ಮ ವೆಬ್‌ಸೈಟಿನಲ್ಲಿ ಶಾಶ್ವತವಾಗಿ ಇಡುತ್ತೇವೆ ಎಂದು ಅರ್ಜಿ ಕರೆದಿದ್ದರು. ಎರಡು ಭಾಗವಾಗಿ ಸಲ್ಲಿಸಬೇಕು, ಒಮ್ಮೆ ಸಲ್ಲಿಸಿದ್ದನ್ನು ತಿದ್ದುವ ಹಾಗಿಲ್ಲ, ಮೇಷ್ಟ್ರು ನಮ್ಮಲ್ಲಿಗೆ ಬಂದ ಅವತ್ತೇ ಸಂಜೆ ಐದಕ್ಕೆ ಬಾಗಿಲು ಮುಚ್ಚುತ್ತದೆ. ಮೇಷ್ಟ್ರು ತಮ್ಮೂರಿನ ಸೈಬರ್ ಸೆಂಟರಿನಲ್ಲಿ ನಮ್ಮ ಗುಂಡಿ ಒತ್ತಿಸಿ ಮೊದಲ ಭಾಗವನ್ನು ನಾಲ್ಕು ದಿನದ ಹಿಂದೆಯೇ ಕಳಿಸಿಬಿಟ್ಟಿದ್ದರು. ಆಮೇಲೆ ಎರಡು ಭಾಗವನ್ನೂ ಫೋನಿಗೆ ಹಾಕಿಸಿಕೊಂಡು, ಎರಡನೆಯದನ್ನು ಕಳಿಸುವ ಮುಂಚೆ ಒಮ್ಮೆ ಕೇಳೋಣ ಎಂದು ಕೂತಿದ್ದರು. ಹನ್ನೊಂದು ವರ್ಷದ ದುಡಿಮೆ. ಅವರ ವಯಸ್ಸಿಗೆ ಇನ್ನೊಂದು ಅವಕಾಶ ಬರುತ್ತದೆ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಎದ್ದು ಹೋಗಿ ಸರಿ ಮಾಡುವ ನನ್ನ ದೃಶ್ಯ ಕಣ್ಣೆದುರೇ ಇತ್ತು. ನಾನು ಏಳಲಿಲ್ಲ. ಓರಗಿತ್ತಿ ಅಷ್ಟರಲ್ಲಿ ಮೇಷ್ಟ್ರ ಫೈಲು ತೆರೆದು, "ಅರ್ಕಾವೊತ್ತು" ಎಂದಳು. ಆಮೇಲೆ ಸೆಟ್ಟಿಂಗು ತೆರೆದು, ಈ ಒಂದು ಫೈಲು ತಾನಾಗಿ ಕೆಲಸ ಮಾಡುವಂಥದ್ದು, ಯಾರೂ ಕರೆಯದಿದ್ದರೂ ಬಿಡಬೇಡ ಎಂದು ಅದರ ಹೆಸರು ಸೇರಿಸಿದಳು. ಮತ್ತೆ ಬಂಡಲ್ ಕಟ್ಟಿದಳು. ಸ್ಟೋರಿನವರ ಒಪ್ಪಿಗೆಗೆ ದಿನಗಟ್ಟಲೆ ಕಾಯುವಂತಿರಲಿಲ್ಲ, ನಮ್ಮ ಅಂಗಡಿಯ ಬ್ರೌಸರಿಗೇ ನೇರವಾಗಿ ಹಾಕಿಕೊಂಡು ಎರಡನೆಯ ಭಾಗವನ್ನು ಮೊದಲಿನಿಂದ ಬದಲಾಯಿಸಿದಳು. ನಾನು ಪಕ್ಕದಲ್ಲಿ ಕೂತು ಪುಟಪುಟವೂ ಓದಿದೆ. ಪುನರ್ವಸು ಪುನರ್ವಸುವೇ ಆಗಿತ್ತು. ನಾಲ್ಕೂವರೆಗೆ ಸಲ್ಲಿಸಿದೆವು.

ಮೊದಲ ಭಾಗ ಹೋಗಿದ್ದು ಹೋಗಿತ್ತು. ಸಂಸ್ಥೆಗೆ ಫೋನ್ ಮಾಡಿದೆವು, ನಿಯಮ ನಿಯಮವೇ ಎಂದರು. ಅ ಅಕ್ಷರದಿಂದ ನ ವರೆಗಿನ ಪದಗಳು ಒಂದೂ ಅರ್ಕಾವೊತ್ತಿಲ್ಲದೆ ಹಾಗೇ ಉಳಿಯಬೇಕು. ಅರ್ಪಣೆಯ ಪುಟವೂ ಅದರಲ್ಲೇ ಇತ್ತು. ಆ ಪುಟವನ್ನು ಟೈಪ್ ಮಾಡಿದ್ದು ನನಗೆ ಚೆನ್ನಾಗಿ ನೆನಪಿತ್ತು. ತೀರಿಹೋದ ಹೆಂಡತಿಗೆ ಅರ್ಪಿಸಿದ್ದರು. ಹೆಸರು ಇಲ್ಲಿ ಬೇಡ, ನಡುವೆ ಅರ್ಕಾವೊತ್ತು ಇರುವ ಹೆಸರು, ನಮ್ಮ ಕಡೆ ಪ್ರತಿ ಬೀದಿಗೂ ಒಬ್ಬರಿಗೆ ಇರುವ ಹೆಸರು.

"ಸಾರ್, ತಪ್ಪು ನಂದು" ಎಂದಳು ಓರಗಿತ್ತಿ, ಯಜಮಾನರಿಗೂ ಮೇಷ್ಟ್ರಿಗೂ ಸೇರಿಸಿ. "ನಾನು ಸರಿಯಾಗಿ ಪರೀಕ್ಷೆ ಮಾಡ್ಲಿಲ್ಲ." ಅವಳ ಫೋನಿನಲ್ಲಿ ನನ್ನ ಮೆಸೇಜ್ ಇತ್ತು. ಕೈ ಚಾಚಿದರೆ ಸಾಕಿತ್ತು. ಚಾಚಲಿಲ್ಲ. ನನಗೆ ಅದಕ್ಕೂ ಸಿಟ್ಟು ಬಂತು. ತಪ್ಪು ಹೊರುವುದರಲ್ಲೂ ಅವಳೇ ಮುಂದೆ.

ಮೇಷ್ಟ್ರು ನನಗೆ, ಅರ್ಪಣೆಯ ಪುಟ ಹೇಗೆ ಬಂದಿದೆ, ಓದು ಎಂದರು. ನಾನು ಓದಲಾರದೆ ಫೋನಿನಿಂದ ಓದಿಸಿದೆ. ಯಂತ್ರ ಆ ಹೆಸರನ್ನು ಮುರಿದು ಹೇಳಿತು.

"ಊರವರೆಲ್ಲ ಅವಳನ್ನ ಹಂಗೇ ಕರೀತಿದ್ರು" ಎಂದರು ಮೇಷ್ಟ್ರು. "ನಾನೊಬ್ಬನೇ ಸರಿಯಾಗಿ ಕರೀತಿದ್ದದ್ದು."

ಅವರನ್ನು ಯಜಮಾನರು ತಾವೇ ಬಸ್ಸಿಗೆ ಹತ್ತಿಸಿ ಬಂದರು. ನಾವಿಬ್ಬರೂ ನಮ್ಮ ಬಸ್ಸು ಹಿಡಿದೆವು. ಅವತ್ತು ಸೀಟು ಸಿಗಲಿಲ್ಲ, ನಿಂತೇ ಹೊರಟೆವು. ಬೈಪಾಸ್ ದಾಟುವ ತನಕ ತಡೆದುಕೊಂಡೆ.

"ಮೆಸೇಜ್ ಯಾಕೆ ತೋರಿಸ್ಲಿಲ್ಲ?"

"ಅದರಲ್ಲಿ ಏನಿದೆ ಅಕ್ಕ, ನೋಡ್ಕೋ ಅಂದಿದ್ರಿ. ನಾನು ನೋಡ್ಕೋಬೇಕಿತ್ತು."

"ಅರ್ಥ ಆಗ್ದೇ ಇದ್ರೆ ಇನ್ನೊಂದ್ಸಲ ಕೇಳ್ಬೇಕಿತ್ತು ತಾನೆ?"

ಅವಳು ಮೇಲಿನ ಕಂಬಿ ಹಿಡಿದಿದ್ದ ಕೈ ಬದಲಾಯಿಸಿದಳು. "ಕೇಳೋಣ ಅಂತ ಎರಡು ಸಲ ಟೈಪ್ ಮಾಡ್ದೆ. ನಿಮಗೆ ನನ್ನ ಕಂಡ್ರೆ ಆಗಲ್ಲ ಅಂತ ಗೊತ್ತು. ಬೈತೀರೇನೋ ಅಂತ ಹೆದ್ರಿಕೆ ಆಯ್ತು. ಅಳಿಸಿಬಿಟ್ಟೆ."

ಇಷ್ಟು ದಿನ ನಾನು ಅವಳದು ಗತ್ತು ಎಂದುಕೊಂಡಿದ್ದೆ. ಕೇಳದೆ ಮಾಡುವ, ನಗದೆ ನೋಡುವ ಗತ್ತು. ಅದು ಹೆದರಿಕೆಯಾಗಿತ್ತು, ಹೆದರಿಸಿದವಳು ನಾನಾಗಿದ್ದೆ. ಮನೆಗೆ ಹೋದರೆ ಅತ್ತೆ ಅವಳಿಗೆ ಕಾಫಿ ಮೊದಲು ಕೊಟ್ಟರು. ನಾಚಿಕೆಯಿಲ್ಲದ ಹೊಟ್ಟೆ, ಅವತ್ತೂ ಉರಿಯಿತು.

ಭಾನುವಾರ ನಾನು ಹೊಳೆಹೊನ್ನೂರಿಗೆ ಹೊರಟೆ. ಒಬ್ಬ ವ್ಯಕ್ತಿಗಾದರೂ ನಿಜ ಹೇಳಿಬಿಡಬೇಕು, ಅದು ಅವರೇ ಆಗಬೇಕು ಎನಿಸಿತ್ತು. ಮೇಷ್ಟ್ರ ಫೋನಿಗಾದರೂ ಮೊದಲ ಭಾಗವನ್ನು ಸರಿ ಮಾಡಿ ಹಾಕಿಕೊಡುತ್ತೇನೆ ಎಂದು ಓರಗಿತ್ತಿಯೂ ಜೊತೆಗೆ ಬಂದಳು. ಬೇಡ ಎನ್ನಲು ನನ್ನಲ್ಲಿ ಕಾರಣವಿರಲಿಲ್ಲ. ಮೇಷ್ಟ್ರು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಿದ್ದರು. ಅವಳು ಫೋನ್ ತೆಗೆದುಕೊಂಡು ಗೋಡೆಯ ಕಡೆ ಕೂತಳು. ನಾನು ಅವರ ಮುಂದೆ ನೆಲದ ಮೇಲೆ ಕೂತೆ.

"ಮೇಷ್ಟ್ರೇ, ಅವತ್ತಿಂದು ಇವಳ ತಪ್ಪಲ್ಲ. ಅರ್ಕಾವೊತ್ತು ಹೋಗುತ್ತೆ ಅಂತ ನಂಗೆ ಮೊದ್ಲೇ ಗೊತ್ತಿತ್ತು. ಕೇಳಿದ್ಲು. ಹೊಟ್ಟೆಕಿಚ್ಚಿಗೆ ಸುಮ್ನಿದ್ದೆ."

ಬೈಯಲಿ ಎಂದು ಕಾದೆ. ಅಳುತ್ತಿದ್ದೆ, ಅದು ಅವರಿಗೆ ಕೇಳಿಸಿತ್ತು ಎಂದು ಕಾಣುತ್ತದೆ. ಅವರು ಬೆಂಚಿನ ಅಂಚನ್ನು ಕೈಯಲ್ಲಿ ಸವರುತ್ತಾ ಕೂತಿದ್ದರು.

"ನನ್ನವಳ ಹೆಸರು ಹೇಳು ನೋಡೋಣ" ಎಂದರು.

ಹೇಳಿದೆ. ಆತುರದಲ್ಲಿದ್ದೆ. ನನ್ನ ತವರಿನ ಬೀದಿಯಲ್ಲಿ ಅದೇ ಹೆಸರಿನ ಒಬ್ಬ ದೊಡ್ಡಮ್ಮ ಇದ್ದರು, ಚಿಕ್ಕಂದಿನಿಂದ ಅವರನ್ನು ಕೂಗಿ ಕರೆದ ಬಾಯಿ ತನ್ನ ರೂಢಿಯಂತೆ ಹೇಳಿಬಿಟ್ಟಿತು. ಅರ್ಕಾವೊತ್ತು ಹಾರಿಹೋಗಿತ್ತು. ಬರೆಯುವಾಗ ಒಮ್ಮೆಯೂ ಬಿಡದವಳು ನಾನು. ಮೇಷ್ಟ್ರು ತಿದ್ದಲಿಲ್ಲ. ಓರಗಿತ್ತಿ ಕೂತಿದ್ದ ಗೋಡೆಯ ಕಡೆ ಮುಖ ತಿರುಗಿಸಿದರು.

"ನೀನು ಹೇಳಮ್ಮ."

ಅವಳು ಹೇಳಿದಳು. ಮೆಲ್ಲಗೆ, ಅವಸರವಿಲ್ಲದೆ, ಯಾವ ಅಕ್ಷರವೂ ಬೀಳದ ಹಾಗೆ. ಮೇಷ್ಟ್ರು ಕಣ್ಣು ಮುಚ್ಚಿಕೊಂಡು, "ಇನ್ನೊಂದ್ಸಲ" ಎಂದರು. ಅವಳು ಇನ್ನೊಂದು ಸಲ ಹೇಳಿದಳು. ತಪ್ಪೊಪ್ಪಿಕೊಳ್ಳಲು ಬಂದು ಕೂತವಳು ನಾನು, ಆದರೂ ಆ ಹೆಸರು ನನ್ನ ಬಾಯಿಂದ ಬರಬೇಕಿತ್ತು ಎಂದೇ ನನಗೆ ಆಗಲೂ ಅನಿಸುತ್ತಿತ್ತು.